ಎಲುಬಿಲ್ಲದ ಊಟ

ಕೋಳಿಗೆ ಎರಡೇ ತೊಡೆ ಎಂಬುದು ತಾವರಗೇರಾದ ಬಾಲಪ್ಪನ ಮನೆತನದ ಮಟ್ಟಿಗೆ ಅತ್ಯಂತ ಗಂಭೀರವಾದ ಸಂಗತಿ. ನಾಲ್ಕು ತೊಡೆಗಳಿದ್ದಿದ್ದರೆ ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ದೇವರು ಎರಡೇ ಕೊಟ್ಟು ಕೈತೊಳೆದುಕೊಂಡ; ಮುಂದಿನ ವ್ಯವಸ್ಥೆಯನ್ನು ಬಾಲಪ್ಪನ ಹೆಂಡತಿ ಮುದಕಮ್ಮ ವಹಿಸಿಕೊಂಡಳು.

ವ್ಯವಸ್ಥೆ ಹೀಗಿತ್ತು. ಒಂದು ತೊಡೆ ಮನೆಯ ಯಜಮಾನ ಬಾಲಪ್ಪನಿಗೆ, ಇನ್ನೊಂದು ಮಗ ಕನಕಪ್ಪನಿಗೆ. ಸಿದ್ದಾಪುರದಿಂದ ಅಳಿಯ ವಿರುಪಣ್ಣ ಬಂದ ದಿನ ಎರಡೂ ಅವನಿಗೇ. ಅಂದು ಬಾಲಪ್ಪ ಎದೆಗೆ ಇಳಿಯುತ್ತಿದ್ದ, ಕನಕಪ್ಪ ರೆಕ್ಕೆಗೆ. ಮೆತ್ತಗಿರುವ ಕಲೇಜಿ, ಅಂದರೆ ಲಿವರು, ಬಾಲಪ್ಪನ ಹಲ್ಲಿಗೆ ಒಗ್ಗುತ್ತದೆಂದು ಯಾವತ್ತೂ ಅವನ ಪಾಲು. ಸೊಸೆ ಕರಿಯವ್ವನಿಗೆ ಕುತ್ತಿಗೆ. ಕುತ್ತಿಗೆಯಲ್ಲಿ ತಿನ್ನುವ ಕೆಲಸಕ್ಕಿಂತ ಹುಡುಕುವ ಕೆಲಸ ಹೆಚ್ಚು. ಮುದಕಮ್ಮನೂ ಸೊಸೆಯಾಗಿದ್ದಾಗ ಅದನ್ನೇ ಚೀಪಿದವಳು. ಅತ್ತೆಯಾದ ಮೇಲೆ ಬೆನ್ನಿಗೆ ಬಡ್ತಿ ಪಡೆದಿದ್ದಳು. ಕೋಳಿ ಅಡಿಗೆ ಮಾಡುವವಳು ಕರಿಯವ್ವ, ಸೌಟು ಹಿಡಿದು ಬಡಿಸುವವಳು ಮುದಕಮ್ಮ. ಆಡಳಿತವೆಲ್ಲ ಸೌಟಿನಲ್ಲಿತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಳಿಯ ಬಂದಿದ್ದ ಒಂದು ಭಾನುವಾರ ಮಾಂಸ ಬೆಂದಿದೆಯೋ ಇಲ್ಲವೋ ನೋಡಲು ಕರಿಯವ್ವ ತೊಡೆಯ ಅಂಚಿನಿಂದ ಒಂದು ಎಸಳು ಕಿತ್ತು ಬಾಯಿಗೆ ಹಾಕಿಕೊಂಡಳು. ಬಡಿಸುವಾಗ ಮುದಕಮ್ಮ ಆ ತೊಡೆಯನ್ನು ಬೆಳಕಿಗೆ ಹಿಡಿದಳು.

"ಇದಕ್ಕ ಇಲಿ ಬಾಯಿ ಹಾಕೈತಿ ನೋಡ್ರಿ, ಅಳಿಯಂದ್ರ. ಎರಡು ಕಾಲಿನ ಇಲಿ."

ಅಳಿಯ ನಕ್ಕ. ಬಾಲಪ್ಪ ನಕ್ಕ. ಕನಕಪ್ಪನೂ ನಕ್ಕ. ಅವನು ಕರೆಂಟಿನ ಕಂಬ ಹತ್ತುವ ಲೈನ್‌ಮನ್. ಎಲ್ಲಿ ಕೈಯಿಟ್ಟರೆ ಏನಾಗುತ್ತದೆ ಎಂಬುದು ಕಂಬದ ಮೇಲೆ ಚೆನ್ನಾಗಿ ಗೊತ್ತಿತ್ತು, ಮನೆಯಲ್ಲಿ ಅಷ್ಟಾಗಿ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕರಿಯವ್ವ ಅವನೆದುರು ಚಹಾ ಇಟ್ಟು ಹೇಳಿದಳು. "ಮುಂದಿನ ಸರ್ತಿ ನಾ ತೊಡಿ ತಿಂತೀನಿ. ಕದ್ದು ತಿನ್ನಂಗಿಲ್ಲ, ಎಲ್ಲಾರ ಮುಂದ ಕುಂತು ತಿಂತೀನಿ. ಅದು ಆಗಲಿಲ್ಲಂದ್ರ ಈ ಮನ್ಯಾಗ ನಾ ಕೋಳಿಗೆ ಕೈ ಹಚ್ಚಂಗಿಲ್ಲ."

"ಹಂಗಂದ್ರ ಅಡಗಿ ಯಾರು ಮಾಡ್ತಾರ?"

"ಇಲಿ ಮಾಡ್ತೈತಿ."

ಕರಿಯವ್ವನ ಅಣ್ಣ ಮುನಿರಾಬಾದಿನಲ್ಲಿ ದೊಡ್ಡ ಸಾಹೇಬರು ಬಂದಿಳಿಯುವ ಬಂಗಲೆಯ ಅಡಿಗೆಯವನು. ಆ ತಿಂಗಳು ಕರಿಯವ್ವ ತವರಿಗೆ ಹೋದಾಗ ಅವನು ತಂಗಿಗೆ ಅಲ್ಲಿಯ ಒಂದು ತಿಂಡಿ ಮಾಡಿಕೊಟ್ಟ. ಎರಡು ಚೌಕ ಹಂಚುಗಳು ಮುಖಕ್ಕೆ ಮುಖ ಕೊಟ್ಟು ಮುಚ್ಚಿಕೊಳ್ಳುವ, ಉದ್ದ ಹಿಡಿಕೆಯ ಒಂದು ಇಕ್ಕಳ. ಅದರೊಳಗೆ ಬ್ರೆಡ್ಡು, ಬ್ರೆಡ್ಡಿನೊಳಗೆ ಡಬ್ಬಿಯ ಚೀಜು ಮತ್ತು ಬಿಡಿಸಿದ ಕೋಳಿಮಾಂಸ. ಸಾಹೇಬರು ಅದನ್ನು ಸ್ಯಾಂಡ್‌ವಿಚ್ ಅನ್ನುತ್ತಾರೆಂದು ಅಣ್ಣ ಹೇಳಿದ. ಕರಿಯವ್ವ ರುಚಿ ನೋಡಿದಳು, ಛಲೋ ಇತ್ತು. ಆದರೆ ಅವಳು ಅಗಿಯುವುದನ್ನು ನಿಲ್ಲಿಸಿ ತಿರುಗಿಸಿ ತಿರುಗಿಸಿ ನೋಡಿದ್ದು ಬೇರೆ ಕಾರಣಕ್ಕೆ.

"ಅಣ್ಣಾ, ಇದರಾಗ ತೊಡಿ ಯಾವುದು, ಕುತಗಿ ಯಾವುದು?"

"ಅದು ಹೆಂಗ ಗೊತ್ತಾಗಬೇಕವ್ವಾ? ಎಲ್ಲಾ ಕೂಡೇತಲ್ಲ."

ಹೊರಡುವಾಗ ಅವಳು ಇಕ್ಕಳವನ್ನೂ ಒಂದು ಚೀಜಿನ ಡಬ್ಬಿಯನ್ನೂ ಕೇಳಿ ಇಸಿದುಕೊಂಡಳು. ಅಣ್ಣ ಸೀರೆ ಕೊಡಿಸುತ್ತೇನೆಂದ. ಬೇಡ ಎಂದಳು.

ಅಳಿಯ ಬರುವ ಭಾನುವಾರಕ್ಕೆಂದು ಕನಕಪ್ಪ ಕುಷ್ಟಗಿಯ ಬೇಕರಿಯಿಂದ ಬ್ರೆಡ್ಡು ತಂದ. ಆಗ ನಮ್ಮ ಕಡೆ ಬ್ರೆಡ್ಡೆಂದರೆ ಜ್ವರ ಬಂದವರ ಊಟ. ಆಸ್ಪತ್ರೆಗೆ ನೋಡಲು ಹೋಗುವವರ ಕೈಯಲ್ಲಿ ಬಿಟ್ಟರೆ ಬೇರೆಲ್ಲೂ ಅದು ಕಾಣಿಸುತ್ತಿರಲಿಲ್ಲ. ಹೀಗಾಗಿ ಬಸ್ಸಿನಲ್ಲಿ ಕಂಡಕ್ಟರು ಸಹಿತ ಅವನನ್ನು ಸಮಾಧಾನ ಮಾಡಿದ. ಅವನು ಮನೆ ಮುಟ್ಟುವುದರೊಳಗೆ ಪಕ್ಕದ ಮನೆಯ ಹಮೀದಾಬಿ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದಿದ್ದಳು.

"ಯಾರಿಗ್ರಿ ಆರಾಮಿಲ್ಲ? ಎರಡು ಬ್ರೆಡ್ಡು ಬಂದಾವಂತ?"

"ಕೋಳಿಗೆ ಆರಾಮಿಲ್ಲ, ಚಾಚಿ," ಎಂದಳು ಕರಿಯವ್ವ.

ಭಾನುವಾರ ಹಿತ್ತಲ ಒಲೆಯ ಮೇಲೆ ಹುಂಜ ಉಪ್ಪು ಅರಿಶಿನದಲ್ಲಿ ಬೇಯುತ್ತಿತ್ತು. ವಯಸ್ಸಾದ ಹುಂಜ, ಸುಲಭಕ್ಕೆ ಬಗ್ಗುವಂಥದ್ದಲ್ಲ. ಕರಿಯವ್ವ ಡಬ್ಬಿ ಕೊಯ್ದು ಹಳದಿ ಗಟ್ಟಿಯನ್ನು ಹಲ್ಲೆ ಹಲ್ಲೆಯಾಗಿ ಹೆಚ್ಚುತ್ತ ಕುಳಿತಿದ್ದಳು.

"ಬಟ್ಟಿ ಒಗಿಯೋ ಸಬಕಾರ ಯಾಕಬೇ ಕೊಯ್ಯಾಕ ಹತ್ತಿ?" ಮುದಕಮ್ಮ ಕೇಳಿದಳು.

"ಸಬಕಾರ ಅಲ್ರಿ ಅತ್ತಿ, ಚೀಜು. ಹಾಲಿಂದು."

ಮುದಕಮ್ಮ ಮೂಸಿದಳು. "ಹಾಲು ಕೆಟ್ಟೈತಿ."

"ಕೆಡಿಸೇ ಮಾಡ್ಯಾರ್ರಿ."

ಅಷ್ಟರಲ್ಲಿ ಬಾಗಿಲಲ್ಲಿ ಮಗಳು ಹುಲಗೆಮ್ಮನ ದನಿ ಕೇಳಿಸಿತು. ಮುದಕಮ್ಮ ಮಗಳಿಗೂ ಅಳಿಯನಿಗೂ ಕಾಲಿಗೆ ನೀರು ಕೊಡಲು ಎದ್ದು ಹೋದಳು. ಕರಿಯವ್ವ ಕಾಯುತ್ತಿದ್ದದ್ದು ಇದಕ್ಕೇ. ಮಾಂಸವನ್ನು ಪರಾತ ಎಂಬ ಅಗಲ ತಾಟಿಗೆ ಸುರುವಿ, ಬೆರಳು ಸುಡುತ್ತಿದ್ದರೂ ಬಿಡದೆ, ಎಲುಬಿನಿಂದ ಒಂದೊಂದೇ ಎಳೆ ಬಿಡಿಸಿದಳು. ತೊಡೆ, ಎದೆ, ರೆಕ್ಕೆ, ಬೆನ್ನು, ಕುತ್ತಿಗೆ ಎಲ್ಲ ಒಂದೇ ಗುಡ್ಡೆ. ಕಲೇಜಿಯನ್ನೂ ಚೂರು ಮಾಡಿ ಅದರಲ್ಲೇ ಕಲಸಿದಳು. ಎಲುಬುಗಳು ಸಾರಿನ ಗಡಿಗೆಗೆ ಹೋದವು.

ಮುದಕಮ್ಮ ಸೌಟು ಹಿಡಿದು ಬಂದು ಗಡಿಗೆಯಲ್ಲಿ ಆಡಿಸಿದಳು. ಬರೀ ಟಣಟಣ ಸದ್ದು.

"ತೊಡಿ ಎಲ್ಲಿ?"

"ಪರಾತದಾಗ ಐತ್ರಿ."

"ಎದಿ?"

"ಪರಾತದಾಗ."

"ಕುತಗಿ?"

"ಅದೂ ಅಲ್ಲೇ ಐತ್ರಿ. ಹುಡುಕ್ಕೋರಿ."

ಮುದಕಮ್ಮ ಪರಾತ ನೋಡಿದಳು, ಸೊಸೆಯನ್ನು ನೋಡಿದಳು. ಪಡಸಾಲೆಯಲ್ಲಿ ಅಳಿಯ ಕುಳಿತಿದ್ದರಿಂದ ದನಿ ಏರಿಸುವಂತಿರಲಿಲ್ಲ. ಸೌಟು ಹಿಡಿದು ನಿಂತೇ ಇದ್ದಳು. ಬಡಿಸಲು ಅದರಿಂದ ಏನೂ ಉಪಯೋಗವಿರಲಿಲ್ಲ.

ಕರಿಯವ್ವ ಉಳ್ಳಾಗಡ್ಡಿ, ಬಳ್ಳೊಳ್ಳಿ, ಹಸಿಮೆಣಸಿನಕಾಯಿಗಳನ್ನು ಎಣ್ಣೆಯಲ್ಲಿ ಬಾಡಿಸಿ, ಮಸಾಲೆ ಖಾರ ಉದುರಿಸಿ, ಮಾಂಸ ಹಾಕಿ ಕೆಂಪಗೆ ಹುರಿದಳು. ಮೇಲೆ ಮುಷ್ಟಿ ಕೊತ್ತಂಬರಿ. ಬ್ರೆಡ್ಡಿನ ಹೊರಮೈಗೆ ಬೆಣ್ಣೆ ಸವರಿ ಇಕ್ಕಳದ ಹಂಚಿನ ಮೇಲಿಟ್ಟಳು. ಒಳಗೆ ಒಂದು ಹಲ್ಲೆ ಚೀಜು, ಅದರ ಮೇಲೆ ಕೈತುಂಬ ಮಾಂಸ, ಮೇಲೆ ಇನ್ನೊಂದು ಹಲ್ಲೆ, ಆಮೇಲೆ ಮುಚ್ಚಲು ಬ್ರೆಡ್ಡು. ಬಂಗಲೆಯ ಸಾಹೇಬರು ಇದರ ಅರ್ಧ ತುಂಬುತ್ತಿದ್ದರು. ಅವರಿಗೆ ಹಸಿವು ಕಡಿಮೆಯಿದ್ದಿರಬೇಕು. ಇಕ್ಕಳ ಮುಚ್ಚಿಕೊಳ್ಳಲು ಒಪ್ಪಲಿಲ್ಲ. ಮೊಣಕಾಲು ಕೊಟ್ಟು ಒತ್ತಿ ಕೊಂಡಿ ಹಾಕಿದಳು. ಉರಿ ಹಿಂದಕ್ಕೆಳೆದು ಕೆಂಡದ ಮೇಲೆ ಹಿಡಿದಳು. ಸ್ವಲ್ಪ ಹೊತ್ತಿಗೆ ಚೀಜು ಅಂಚಿನಿಂದ ಇಣುಕಿ ಚುರ್ ಎಂದಿತು.

ಮೊದಲನೆಯದು ಒಂದು ಬದಿಗೆ ಕರಕಲಾಯಿತು. ಅದನ್ನು ತನಗೆಂದು ಎತ್ತಿಡಲು ಅವಳ ಕೈ ಅಭ್ಯಾಸದಂತೆ ಹೋಯಿತು. ಅರ್ಧಕ್ಕೆ ನಿಂತಿತು. ಅದನ್ನು ಕನಕಪ್ಪನ ತಾಟಿಗೆ ಹಾಕಿದಳು.

ಪಡಸಾಲೆಯಲ್ಲಿ ಅವಳು ತಾಟುಗಳನ್ನು ಸಾಲಾಗಿ ಹಾಕಿದಾಗ ಗಂಡಸರು ಮೂವರು, ತಾಟು ಆರು.

"ಗಂಡಸರ ಊಟ ಆಗ್ಲಿ ಮೊದಲ," ಎಂದಳು ಮುದಕಮ್ಮ.

"ಆರಿದ್ರ ಚೀಜು ಬಿರುಸಾಗ್ತೈತ್ರಿ ಅತ್ತಿ. ಎಲ್ಲಾರೂ ಕೂಡೇ ತಿನ್ನಬೇಕು, ಇದರ ಪದ್ಧತಿ ಹಂಗ ಐತಿ."

ಪದ್ಧತಿ ಎಂಬ ಮಾತಿಗೆ ಆ ಮನೆಯಲ್ಲಿ ತೂಕವಿತ್ತು. ಯಾರೂ ಎದುರಾಡಲಿಲ್ಲ. ಬಾಲಪ್ಪ ತನ್ನ ಬ್ರೆಡ್ಡನ್ನು ಪುಸ್ತಕದ ಹಾಗೆ ಬಿಡಿಸಿದ. ಚೀಜು ಎಳೆ ಎಳೆಯಾಗಿ ಜಗ್ಗಿ ಗಡ್ಡಕ್ಕೆ ಅಂಟಿತು. ಒಳಗೆ ಬೆರಳಾಡಿಸಿ ಹುಡುಕಿದ.

"ಎಲುಬಿಲ್ಲಲೋ ಇದರಾಗ!"

ವಿರುಪಣ್ಣ ಇನ್ನೂ ಮುಟ್ಟಿರಲಿಲ್ಲ. ಕಾಲುವೆ ನೀರಿನ ಗದ್ದೆಯವನು, ವರ್ಷಕ್ಕೆ ಎರಡು ಬೆಳೆ ತೆಗೆಯುವವನು, ಬೀಗರ ಮನೆಯ ಮರ್ಯಾದೆಯನ್ನು ಅಳೆಯುವ ಅಭ್ಯಾಸವಿದ್ದವನು. ಉಂಡೆದ್ದ ಮೇಲೆ ತಾಟಿನ ಅಂಚಿಗೆ ತೊಡೆಯ ಎಲುಬು ಎರಡು ಬಿದ್ದಿದ್ದರೆ ಮರ್ಯಾದೆ ಪೂರ್ಣ.

"ಮಾವ, ಊರಾಗ ಕೇಳ್ತಾರ, ಮಾವನ ಮನ್ಯಾಗ ಏನು ಉಂಡ್ಯೋ ಅಂತ. ಬ್ರೆಡ್ಡು ತಿಂದೆ ಅಂದ್ರ, ಜ್ವರ ಬಂದಿತ್ತೇನೋ ಅಂತಾರ."

ಬಾಲಪ್ಪನ ಮುಖ ಬಿಗಿಯಿತು. "ಅಳಿಯಗ ತೊಡಿ ನೀಡದ ಮನಿ ಅಂತ ಹೆಸರು ಬರ್ತೈತಿ, ಕರಿಯವ್ವಾ."

ಕರಿಯವ್ವ ಎದ್ದಳು. ಹಿತ್ತಲಿಗೆ ಹೋಗಿ ಸಾರಿನ ಗಡಿಗೆಯಲ್ಲಿ ಕೈಯಾಡಿಸಿ ತೊಡೆಯ ಎಲುಬುಗಳೆರಡನ್ನು ತಂದಳು. ನುಣ್ಣಗೆ ತೊಳೆದಂತಿದ್ದ ಅವನ್ನು ವಿರುಪಣ್ಣನ ತಾಟಿನ ಅಂಚಿಗೆ ಇಟ್ಟಳು.

"ತಗೋರಿ ಅಣ್ಣಾ, ಊರಾಗ ತೋರಸಾಕ. ಮಾಂಸ ಎಲ್ಲಾರಿಗೂ ಹಂಚೀನಿ."

ಕನಕಪ್ಪ ನಗಬೇಕೆಂದುಕೊಂಡವನು ಹೆಂಡತಿಯ ಮುಖ ನೋಡಿ ಕರಕಲು ಬದಿಯನ್ನು ಕಚ್ಚಿದ. ಈ ಸಲ ಎಲ್ಲಿ ಕೈಯಿಡಬಾರದೆಂದು ಅವನಿಗೆ ತಿಳಿದಿತ್ತು.

ಮುದಕಮ್ಮನ ದನಿ ಕೊನೆಗೂ ಏರಿತು. "ಮನಿ ಮಾನ ಕಳದ್ಯಲ್ಲಬೇ! ನಡಿ, ಇವತ್ತಽ ನಿನ್ನ ತವರಮನಿಗೆ ನಡಿ!"

"ಹೊಕ್ಕೀನ್ರಿ ಅತ್ತಿ. ತಿಂದು ಹೊಕ್ಕೀನಿ."

ಕರಿಯವ್ವ ಮಾವನ ಎದುರಿಗೆ, ಅಳಿಯನ ಸಾಲಿನಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತಳು. ಎರಡೂ ಕೈಯಿಂದ ಹಿಡಿದು ಕಚ್ಚಿದಳು. ಹೊರಗೆ ಗರಿಗರಿ, ಒಳಗೆ ಬಿಸಿ. ನಾಲಗೆ ಸುಟ್ಟಿತು. ಸುಟ್ಟದ್ದನ್ನು ತೋರಿಸಿಕೊಳ್ಳದೆ ಅಗಿದಳು.

ಆಗ ಹುಲಗೆಮ್ಮ ಬಂದು ಅವಳ ಪಕ್ಕ ಕುಳಿತಳು.

"ಅತ್ತಿಗಿ, ಭಾಳ ಛಲೋ ಆಗೈತಿ," ಎಂದಳು ಬಾಯಿ ತುಂಬಿಕೊಂಡು. ಆಮೇಲೆ ತಾಯಿಯ ಕಡೆ ತಿರುಗಿದಳು. "ಯವ್ವಾ, ಸಿದ್ದಾಪುರದಾಗ ನನಗೇನು ನೀಡ್ತಾರ ಅಂತ ಒಮ್ಮೆರ ಕೇಳಿಯೇನು?"

"ಏನು ನೀಡ್ತಾರ?"

"ಕುತಗಿ."

ಮುದಕಮ್ಮ ಅಳಿಯನ ಕಡೆ ತಿರುಗಿದಳು. ಸೊಸೆಗೆ ಕುತ್ತಿಗೆ ಎಂಬುದು ಅವಳೇ ಕಾಪಾಡಿಕೊಂಡು ಬಂದ ಕಾನೂನು. ಆ ಕಾನೂನು ಸಿದ್ದಾಪುರದಲ್ಲೂ ಇದ್ದೀತು, ಅಲ್ಲಿ ತನ್ನ ಮಗಳೇ ಸೊಸೆಯಾಗಿದ್ದಾಳು ಎಂದು ಅವಳು ಎಣಿಸಿರಲಿಲ್ಲ.

"ಏನ್ರಿ ಅಳಿಯಂದ್ರ, ಕಣಜದ ತುಂಬ ಬತ್ತ ಅಂತೀರಿ, ನನ್ನ ಮಗಳಿಗೆ ಕುತಗಿ?"

"ಬಡಸೋದು ನಮ್ಮವ್ವ್ರಿ," ಎಂದ ವಿರುಪಣ್ಣ, ತಾಟಿನ ಎಲುಬು ನೋಡುತ್ತ. ಮಾತು ಮುಂದುವರಿಯಬಾರದೆಂದು ಬ್ರೆಡ್ಡನ್ನು ಬಾಯಿಗಿಟ್ಟ. ಇಟ್ಟವನು ಮುಗಿಸಿದ. ಮುಗಿಸಿ ಇನ್ನೊಂದು ಕೇಳಿದ.

ಮುದಕಮ್ಮ ಸೌಟನ್ನು ಗೋಡೆಗೆ ಒರಗಿಸಿ, ತನ್ನ ಪಾಲು ಎತ್ತಿಕೊಂಡು, ಎಲ್ಲರಿಗೂ ಬೆನ್ನು ಮಾಡಿ ಕುಳಿತು ತಿಂದಳು.

ಕರಿಯವ್ವ ತವರಿಗೆ ಹೋಗಲಿಲ್ಲ. ಮುಂದಿನ ಭಾನುವಾರ ಕೋಳಿ ಸಾರನ್ನೇ ಮಾಡಿದರು, ಬಡಿಸಿದವಳು ಮುದಕಮ್ಮನೇ; ಒಂದು ತೊಡೆ ಬಾಲಪ್ಪನಿಗೆ, ಒಂದು ಕರಿಯವ್ವನಿಗೆ ಬಂತು, ಕನಕಪ್ಪ ಕುತ್ತಿಗೆ ತಿಂದ.