ಉಡಿಗೆ ಬಿದ್ದ ಕೆರೆ

ಆಟೋ ಇಳಿದ ಅಹಲ್ಯಾ ತಮ್ಮನ ಮನೆಯ ಕಡೆ ತಲೆಯನ್ನೂ ತಿರುಗಿಸದೆ ನೆಟ್ಟಗೆ ಹೊಲಕ್ಕೆ ನಡೆದಳು. ಜಗಳಕ್ಕೆಂದೇ ಬಂದವಳಿಗೆ ಕಾಲು ತೊಳೆಯುವ ಪುರುಸೊತ್ತು ಎಲ್ಲಿಯದು! ಬಾ ಎಂದು ತಮ್ಮನೇ ಹೇಳಿಕಳಿಸಿದ್ದ. ಕೆರೆ ಮುಚ್ಚುತ್ತಾರಂತೆ ಕೆರೆ. ಯಾರ ಕೆರೆಯನ್ನು ಯಾರು ಮುಚ್ಚುವುದು?

ಅವಳು ಗಂಡನ ಮನೆಗೆ ಹೊರಟ ದಿನ ಅಮ್ಮ ಭತ್ತ, ಗರಿಕೆ, ಅರಿಸಿನದ ಕೊಂಬು ಹಾಕಿ ಉಡಿ ತುಂಬಿದ ಮೇಲೆ, ಅಪ್ಪ ಈ ಕೆರೆಯ ಒಂದು ಹಿಡಿ ಕೆಸರನ್ನು ತಂದು ಅದೇ ಉಡಿಗೆ ಹಾಕಿದ್ದ. ಕಾಗದವಿಲ್ಲ, ಪತ್ರವಿಲ್ಲ. ಮಗಳ ಉಡಿಗೆ ಬಿದ್ದದ್ದನ್ನು ನಮ್ಮ ಮಿಥಿಲೆಯಲ್ಲಿ ಯಾರೂ ವಾಪಸು ಕೇಳುವುದಿಲ್ಲ. ಅಂದಿನಿಂದ ಪ್ರತಿ ಕೋಜಾಗರ ಹುಣ್ಣಿಮೆಗೆ ಈ ಕೆರೆಯ ಗಿಡದ ಬೀಜ ಹುರಿದು ಅರಳಿಸಿದ ಮಖಾನ ಒಂದು ಮೂಟೆ ಅವಳ ಬಾಗಿಲಿಗೆ ಬರುತ್ತಿತ್ತು. ಮಕ್ಕಳಿಲ್ಲದ ವಿಧವೆ, ಮೈದುನನ ಮನೆಯ ಮೂಲೆಯಲ್ಲಿ ಕೂತು ಉಣ್ಣುವವಳು. ವರ್ಷಕ್ಕೆ ಆ ಒಂದು ದಿನ ಮಾತ್ರ ಅವಳು ಕೊಡುವವಳು. ಕೇರಿಗೆಲ್ಲ ಬೊಗಸೆ ಬೊಗಸೆ ಹಂಚುತ್ತ, "ಬಜಾರದ್ದು ಒಂದು ಮಖಾನವೇನೇ? ಬರೀ ಬೆಂಡು. ಇದು ತಿಂದು ನೋಡು, ನನ್ನ ಕೆರೇದು" ಎಂದು ಬೀಗುತ್ತಿದ್ದಳು. ಆ ದಿನ ಓರಗಿತ್ತಿಯೂ ಬಾಯಿ ಮುಚ್ಚಿಕೊಂಡಿರುತ್ತಿದ್ದಳು. ಗಂಡ ಸತ್ತ ಮೇಲೆ ಅವಳನ್ನು ತವರಿಗೆ ಕಳಿಸುವವರೇ ಇರಲಿಲ್ಲ. ಮೂಟೆ ಮಾತ್ರ ತಪ್ಪದೆ ಬರುತ್ತಿತ್ತು.

ಏರಿಯ ಮೇಲೆ ಜೆಸಿಬಿ ನಿಂತಿತ್ತು. ಪಕ್ಕದೂರಿನ ಕೆಲಸಕ್ಕೆ ಬಂದದ್ದು, ಇವತ್ತೊಂದು ದಿನಕ್ಕೆ ಸಿಕ್ಕಿತ್ತು. ಡ್ರೈವರ್ ಅಂಗೈಯಲ್ಲಿ ಖೈನಿ ತಿಕ್ಕುತ್ತ, "ಹೂಳು ಎತ್ತೋದೋ, ಏರಿ ಕೆಡವಿ ಮುಚ್ಚೋದೋ, ಬೇಗ ಹೇಳಿ. ನನಗೆ ಎರಡೂ ಒಂದೇ" ಎಂದ.

ತಮ್ಮ ಬಿಲ್ಟು ಓಡಿಬಂದು ಕಾಲು ಮುಟ್ಟಿದ. ಹಿಂದೆ ಅವನ ಹೆಂಡತಿ ತಾರಾ.

"ಕಾಲು ಹಿಡಿದ್ರೆ ಕರಗಿಬಿಡ್ತೀನಿ ಅನ್ಕೊಂಡ್ಯೇನೋ? ಅಪ್ಪ ಕೊಟ್ಟದ್ದಕ್ಕೆ ಮಣ್ಣು ಹಾಕ್ತೀಯಾ?"

"ನಾನೆಲ್ಲಿ ಹಾಕ್ದೆ ದೀದಿ? ಮಗ ಇಲ್ಲೇ ಮನೆ ಕಟ್ಟಬೇಕು ಅಂತ ಕೂತಿದಾನೆ. ನಮ್ಮ ಜಮೀನಲ್ಲಿ ದಿಬ್ಬದ ಮೇಲಿರೋದು ಇದೊಂದೇ, ಮುಚ್ಚಿದ್ರೆ ಪ್ರವಾಹಕ್ಕೂ ಮುಳುಗಲ್ಲ. ದೀದಿ ಏನಂತಾಳೋ ಅದೇ ಆಗಲಿ ಅಂದೆ. ಒಪ್ಪಿದಾನೆ. ನೀನೇ ಹೇಳು."

ಹೇಳಲೆಂದು ಅವಳು ಕೆರೆಯತ್ತ ತಿರುಗಿದಳು. ನೀರಿನ ಮೇಲೆ ಹಾಸಿಕೊಳ್ಳುತ್ತಿದ್ದ ಮಖಾನದ ಆ ಮುಳ್ಳಿನ ಅಗಲ ಎಲೆ ಒಂದೂ ಇರಲಿಲ್ಲ. ನೀರೇ ಇರಲಿಲ್ಲ. ಹೂಳಿನಲ್ಲಿ ಜೊಂಡು ಆಳೆತ್ತರ ಬೆಳೆದಿತ್ತು, ಒಳಗೆ ಯಾರದೋ ಎಮ್ಮೆ ಮೇಯುತ್ತಿತ್ತು.

"ಬಿಲ್ಟು, ಹೋದ ಕೋಜಾಗರಕ್ಕೆ ಬಂದದ್ದು ಎಲ್ಲೀದು?"

ತಾರಾಗೆ ತಡೆಯಲಾಗಲಿಲ್ಲ. "ಬಜಾರದ್ದು ದೀದಿ. ಮುಳುಗಿ ಬೀಜ ತೆಗೆಯೋ ಮಲ್ಲಾಹರು ಈ ಕಡೆ ಬರೋದು ಬಿಟ್ಟು ಎಷ್ಟೋ ವರ್ಷ ಆಯ್ತು. ನಮ್ಮನೇಲಿ ಏನಿಲ್ಲದಿದ್ರೂ ನಿಮ್ಮ ಮೂಟೆ ತಪ್ಪಿಸ್ಲಿಲ್ಲ ಇವರು, ಅತ್ತೆಮನೇಲಿ ನಿಮ್ಮ ತಲೆ ತಗ್ಗಬಾರದು ಅಂತ. ಸೊಸೆ ಹೆತ್ತು ತಿಂಗಳಾಯ್ತು, ಮನೇಲಿ ಜಾಗ ಸಾಲದೆ ಮಗು ಎತ್ಕೊಂಡು ಇನ್ನೂ ದನದ ಕೊಟ್ಟಿಗೇಲಿ ಮಲಗ್ತಾಳೆ."

"ಸುಮ್ನಿರೇ" ಎಂದ ಬಿಲ್ಟು.

ಅಹಲ್ಯಾಳ ಮುಖ ಉರಿಯಿತು. ಯಾವುದನ್ನು ಬೆಂಡು ಎಂದು ಹಳಿದಿದ್ದಳೋ ಅದನ್ನೇ ಹಂಚಿ ಬೀಗಿದ್ದಳು. ಆದರೆ ನಾಚಿಕೆಗಿಂತ ತಮ್ಮನ ಮೇಲಿನ ಮಮತೆಯೇ ಹೆಚ್ಚಾಯಿತು. ಹೂಳು ಎತ್ತಿಸಿದರೆ ಮಳೆಗಾಲಕ್ಕೆ ನೀರು ನಿಂತೀತು, ಮಖಾನ ಮತ್ತೆ ಬಂದೀತು. ಮುಚ್ಚಿದರೆ ಈ ಊರಿನಲ್ಲಿ ತನ್ನದು ಅನ್ನುವುದು ಏನೂ ಉಳಿಯುವುದಿಲ್ಲ. ಗಂಡನ ಊರಿನಲ್ಲಂತೂ ಮೊದಲೇ ಇಲ್ಲ. ಇತ್ತ ಕೊಟ್ಟಿಗೆಯಲ್ಲಿ ಹಸುಗೂಸು.

"ಮುಚ್ಚಪ್ಪ" ಎಂದಳು ಡ್ರೈವರಿಗೆ.

ತಾರಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು, ಕೂಡಲೇ ಸೊಸೆಗೆ ಹೇಳಲು ಮನೆಯ ಕಡೆ ಓಡಿದಳು. ಜೆಸಿಬಿ ಗುಡುಗಿತು. ಏರಿಯ ಮಣ್ಣು ದೊಪ್ಪೆಂದು ಜೊಂಡಿನ ಮೇಲೆ ಬಿತ್ತು, ಎಮ್ಮೆ ಬೆದರಿ ದಡ ಹತ್ತಿತು.

ಬಿಲ್ಟು ಅಕ್ಕನ ತೋಳು ಹಿಡಿದು ಅಲುಗಿಸಿದ. ಅವನ ಗಡ್ಡವೆಲ್ಲ ಒದ್ದೆಯಾಗಿತ್ತು.

"ಯಾಕೆ ಹಾಗಂದೆ ದೀದಿ? ನೀನು ಬೇಡ ಅಂತೀಯ ಅಂತ ತಾನೇ ನಿನ್ನ ಕರೆಸಿದ್ದು! ಮಗನ ಮುಂದೆ ನನ್ನ ಮಾತು ನಡೆಯಲ್ಲ, ನಿಂದು ನಡೀತಿತ್ತು. ಇಷ್ಟು ವರ್ಷದ ಮೇಲೆ ಕೆರೆಗೋಸ್ಕರ ಆದ್ರೂ ಬಂದೆ, ಅದೂ ಹೋದ ಮೇಲೆ ನೀನ್ಯಾಕೆ ಬರ್ತೀಯ ಈ ಊರಿಗೆ?"

ಮತ್ತೊಂದು ಬಕೆಟ್ ಮಣ್ಣು ಬಿತ್ತು. ಅಹಲ್ಯಾ ಅವನ ಕೈಯನ್ನು ಬಿಡಲಿಲ್ಲ.

"ಬೇಡ ಅನ್ನೋಕೇ ಬಂದಿದ್ದೆ ಕಣೋ" ಎಂದಳು.