‘ಪ್ರಾಬಬ್ಲಿ’ ಅಂದರೆ

ಟಕ್.

ಅವಳಿಗೆ ಎಚ್ಚರವಾಯಿತು. ಪಕ್ಕದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ. ಸದ್ದು ಬಂದದ್ದು ಅಡುಗೆಮನೆಯಿಂದ. ಅದು ಮಾತ್ರೆ ಡಬ್ಬಿಯ ಮುಚ್ಚಳದ್ದೇ, ಅನುಮಾನವಿಲ್ಲ. ಮಲಗುವ ಮುಂಚೆ ಆ ಮಾತ್ರೆಗೇ ಜಗಳವಾಗಿತ್ತು.

“ಅಮ್ಮಂಗೆ ಮಾತ್ರೆ ಕೊಟ್ರಾ?”

“ಪ್ರಾಬಬ್ಲಿ.”

“ಪ್ರಾಬಬ್ಲಿ ಅಂದ್ರೆ? ಕೊಟ್ರೋ, ಇಲ್ವೋ?”

“ಐ ಥಿಂಕ್ ಸೋ.”

“ರೀ, ಅದು ರಕ್ತ ತೆಳು ಮಾಡೋ ಮಾತ್ರೆ. ತಪ್ಪಿದ್ರೆ ಹೆಪ್ಪುಗಟ್ಟುತ್ತೆ, ಎರಡಾದ್ರೆ ರಕ್ತ ನಿಲ್ಲಲ್ಲ. ಹೂಂ ಅನ್ನಿ, ಇಲ್ಲಾ ಉಹೂಂ ಅನ್ನಿ.”

“ಒಳ್ಳೆ ಕಟಕಟೇಲಿ ನಿಲ್ಲಿಸಿದಂಗೆ ಕೇಳ್ತೀಯಲ್ಲೇ,” ಎಂದು ಎದ್ದು ಹೋಗಿದ್ದ.

ಅವಳು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ಗಂಡನ ಇಂಗ್ಲಿಷಿಗೆ ಮಾತ್ರ ಯಾವ ನಿಘಂಟಿನಲ್ಲೂ ಅರ್ಥ ಸಿಗುತ್ತಿರಲಿಲ್ಲ, ತಾನೇ ಹುಡುಕಿಕೊಂಡಿದ್ದಳು. ‘ಮೇಬಿ’ ಅಂದರೆ ಆಗುವುದಿಲ್ಲ, ಸುಮ್ಮನಿರು. ‘ಐ ಸಪೋಸ್’ ಅಂದರೆ ಒಪ್ಪಿದ್ದೇನೆ, ಮನಸ್ಸಿಲ್ಲ. ‘ಪಾಸಿಬ್ಲಿ’ ಅಂದರೆ ನೀನು ಹೇಳಿದ್ದು ಕಿವಿಗೇ ಬಿದ್ದಿಲ್ಲ. ‘ಐ ಥಿಂಕ್ ಸೋ’ ಅಂದರೆ ಮಾಡಿದ್ದೇನೆ, ಆದರೆ ಆಣೆ ಇಡಿಸಬೇಡ. ‘ಪ್ರಾಬಬ್ಲಿ’ ಈ ವರ್ಷ ಹೊಸದಾಗಿ ಸೇರಿಕೊಂಡಿತ್ತು, ಅದೇ ಬಗೆಹರಿದಿರಲಿಲ್ಲ. ಸುಟ್ಟ ಗೋದಾಮುಗಳನ್ನು ನೋಡಿ ಬಂದು ವಿಮೆ ಕಂಪನಿಗೆ ವರದಿ ಬರೆಯುವ ಕೆಲಸ ಅವನದು. ಖಂಡಿತ ಎಂದು ಬರೆದವನು ಸಿಕ್ಕಿಬೀಳುತ್ತಾನಂತೆ. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬರುವ ಮನುಷ್ಯ ಆಫೀಸಿನ ನಾಲಿಗೆಯನ್ನೂ ಅಲ್ಲೇ ಬಿಟ್ಟು ಬರಬಾರದೇ?

ಅಡುಗೆಮನೆಯ ದೀಪ ಹಾಕಿದಳು. ಫ್ರಿಜ್ಜಿನ ಮುಂದೆ ಅತ್ತೆ ನಿಂತಿದ್ದರು, ಕೈಯಲ್ಲಿ ಡಬ್ಬಿ.

“ಅಯ್ಯೋ ಅತ್ತೆ! ಈ ಹೊತ್ತಲ್ಲಿ ಏನು ತಗೊಂಡ್ರಿ?”

“ಮೆಲ್ಲಗೆ ಮಾತಾಡೇ. ತಗೊಳ್ಳಿಲ್ಲ, ಒಳಗೆ ಹಾಕ್ದೆ.”

“ಏನನ್ನ?”

ಅತ್ತೆ ಮಲಗುವ ಕೋಣೆಯ ಕಡೆ ಒಮ್ಮೆ ನೋಡಿದರು. “ಊಟ ಆದ ತಕ್ಷಣ ಒಂದು ಕೊಡ್ತಾನೆ, ನುಂಗ್ತೀನಿ. ಆಮೇಲೆ ನೀನು ರೇಗಾಡ್ತೀಯ. ಮತ್ತೆ ಬರ್ತಾನೆ. ಕೊಟ್ಟೆನಾ ಅಂತ ಕೇಳೋಕೆ ನಾಚಿಕೆ ಅವನಿಗೆ. ಇನ್ನೊಂದು ಕೈಗೆ ಹಾಕಿ ನಿಂತ್ಕೋತಾನೆ. ಸೆರಗಲ್ಲಿ ಇಟ್ಕೊಂಡು ಬರೀ ನೀರು ಕುಡೀತೀನಿ.”

“ಆಗಲೇ ಕೊಟ್ಟೆ ಕಣೋ ಅಂತ ಒಂದು ಮಾತು ಹೇಳಕ್ಕಾಗಲ್ವಾ?”

“ಮೊದಲನೇ ಸಲ ಹೇಳಿದೆ. ಅವನ ಮುಖ ನೋಡಬೇಕಿತ್ತು ನೀನು.” ಅತ್ತೆ ಸೆರಗು ಸರಿಮಾಡಿಕೊಂಡರು. “ನಿಮ್ಮ ಮಾವಂದೂ ಹೀಗೇ ಶುರುವಾಗಿದ್ದು. ಅವರಿಗೆ ಇಂಗ್ಲಿಷ್ ಬರ್ತಿರಲಿಲ್ಲ, ಅಷ್ಟೇ. ‘ಇರಬಹುದು, ಇರಬಹುದು’ ಅಂತಿದ್ರು.”

ಕೊನೆಯ ವರ್ಷ ಮಾವ ತಮ್ಮ ಹೆಂಡತಿಯನ್ನೇ “ತಾವು ಯಾರ ಮನೆಯವರು?” ಎಂದು ಮರ್ಯಾದೆಯಿಂದ ವಿಚಾರಿಸುತ್ತಿದ್ದುದು ಅವಳಿಗೆ ನೆನಪಾಯಿತು. ಸಿಟ್ಟೇನೂ ಇಳಿಯಲಿಲ್ಲ. ಅದು ಯಾರ ಮೇಲೆ ಎಂಬುದು ಮಾತ್ರ ಗೊತ್ತಾಗದೆ ಹೋಯಿತು.

“ಇಷ್ಟು ದಿನ ನನಗೆ ಯಾಕೆ ಹೇಳ್ಲಿಲ್ಲ?”

“ನೀನು ಬಿಡ್ತೀಯಾ? ಪಾಠ ಒಪ್ಪಿಸಿಕೊಂಡಂಗೆ ದಿನಾ ಅವನನ್ನ ಕೇಳ್ತಿದ್ದೆ.”

ಹೆಜ್ಜೆ ಸಪ್ಪಳವಾಯಿತು. ಅವನು ಬಾಗಿಲಲ್ಲಿ ಕಣ್ಣುಜ್ಜುತ್ತ ನಿಂತಿದ್ದ. “ಅತ್ತೆ ಸೊಸೆ ಇಷ್ಟು ಹೊತ್ತಲ್ಲಿ ಏನು ಮಸಲತ್ತು?”

“ನೀರು ಕುಡಿಯೋಕೆ ಬಂದ್ವಿ,” ಎಂದಳು.

ಅವನ ಕಣ್ಣು ಡಬ್ಬಿಯ ಮೇಲೆ ಬಿತ್ತು. “ಅಮ್ಮಂಗೆ ಮಾತ್ರೆ...”

“ಕೊಟ್ಟಿದೀರಿ.”

“ಶೂರ್?”

“ಶೂರ್.”

ಅವನ ಭುಜ ಸಡಿಲವಾಯಿತು. ಆಕಳಿಸುತ್ತ ಹಿಂತಿರುಗಿದ. ಅತ್ತೆಯೂ ಡಬ್ಬಿಯನ್ನು ಅವಳ ಕೈಗಿಟ್ಟು, ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ನಡೆದರು.

ಬೆಳಗಾದರೆ ನಾದಿನಿಯ ಫೋನ್ ಬರುತ್ತದೆ. ಅಣ್ಣ ಹೇಗಿದ್ದಾನೆ ಎಂದು ಕೇಳುತ್ತಾಳೆ. ಯಾರಿಗೂ ಹೇಳುವುದಿಲ್ಲ, ಎಂದುಕೊಂಡಳು. ನಾದಿನಿಗೂ ಇಲ್ಲ, ಅವನಿಗಂತೂ ಇಲ್ಲವೇ ಇಲ್ಲ. ಡಬ್ಬಿಯ ಮುಚ್ಚಳ ಒಂದು ಕಡೆ ಎದ್ದುಕೊಂಡಿತ್ತು. ಅದನ್ನು ಎರಡೂ ಹೆಬ್ಬೆರಳುಗಳಿಂದ, ಸದ್ದಾಗದ ಹಾಗೆ, ನಿಧಾನವಾಗಿ ಒತ್ತಿದಳು.