ಎಂಜಿನ್ನಿನ ಎರಡು ಕಡೆ

ಸಾವಿನ ಸುದ್ದಿ ಬಂದಾಗ ಇಂಚಣ್ಣ ಲಾಂಚಿನ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡು ಕುಳಿತಿದ್ದ. ತಮ್ಮನ ಮಗಳು ಫೋನು ಹಿಡಿದು ಕಟ್ಟೆಯ ಮೇಲೆ ಓಡಿಬಂದು "ದೊಡ್ಡಪ್ಪಾ..." ಎಂದಳು. ಅಂಚಿನಿಂದ ಬಗ್ಗಿ ಫೋನನ್ನೇ ಅವನ ಕಿವಿಗೆ ಒತ್ತಿದಳು.

ಆಚೆ ದಡದ ಆಸ್ಪತ್ರೆಯಿಂದ ತಮ್ಮನ ಹೆಂಡತಿ ಅಳುತ್ತ ಹೇಳುತ್ತಿದ್ದಳು: "ಬಾವಾ, ಹೋಗ್ಬಿಟ್ರು. ಇಲ್ಲಿ ಶವ ಇಡೋ ತಣ್ಣನೆ ಕೋಣೆ ಕೆಟ್ಟಿದೆಯಂತೆ. ಇವತ್ತೇ ಒಯ್ಯಿ ಅಂತಾರೆ, ಇಲ್ಲಾಂದ್ರೆ ಗುಡ್ಡದ ಹಿಂದೆ ಮಣ್ಣು ಮಾಡ್ತಾರಂತೆ. ಅತ್ತೆ ಒಂದ್ಸಲ ಮುಖ ಮುಟ್ಟೋದು ಬೇಡ್ವಾ?"

ಇಂಚಣ್ಣ ಹಣೆಯ ಬೆವರು ಒರೆಸಿದ. ಅಮ್ಮ ಹಾಸಿಗೆ ಬಿಟ್ಟು ಏಳುವವಳಲ್ಲ. ಕಣ್ಣು ಹೋದ ಮೇಲೆ ಮಕ್ಕಳಿಬ್ಬರನ್ನೂ ಮುಖ ಸವರಿಯೇ ಗುರುತಿಸುತ್ತಿದ್ದಳು. ನೀರು ದಾಟಲು ಇಡೀ ಊರಿಗೆ ಇದ್ದದ್ದು ಒಂದೇ ಲಾಂಚ್, ಅದರ ಎಂಜಿನ್ನಿನ ತಲೆ, ಎಂದರೆ ಮೇಲಿನ ಕಬ್ಬಿಣದ ಮುಚ್ಚಳ, ಈಗ ಬಿಚ್ಚಿಕೊಂಡು ಹಲಗೆಯ ಮೇಲೆ ಕುಳಿತಿತ್ತು.

"ಅಳು ಆಮೇಲೆ," ಎಂದ ತಮ್ಮನ ಮಗಳಿಗೆ. "ಅವನನ್ನ ಮನೆಗೆ ತರಬೇಕು. ಸೆರಗು ಸಿಕ್ಕಿಸಿ ಇಳಿದು ಬಾ."

ಆ ಊರಿನ ಕತೆಯೇ ಹಾಗೆ. ಹಿಂದೆ ಬ್ರಿಟಿಷರು ಎಲ್ಲಿಂದಲೋ ಹಡಗು ಹತ್ತಿ ಬಂದು ಈ ನೆಲವನ್ನು ಆಳಿದಾಗ, ಗಾಳಿ ಬೆಳಕು ಚೆನ್ನಾಗಿದ್ದ ಆಚೆ ಗುಡ್ಡವನ್ನು ತಮಗಿಟ್ಟುಕೊಂಡರು. ಬಂಗಲೆ, ಕಚೇರಿ, ಆಸ್ಪತ್ರೆ ಎಲ್ಲ ಅಲ್ಲಿ. ಗೋದಾಮು, ಕಾರ್ಖಾನೆ, ಕೂಲಿಯವರ ಮನೆಗಳೆಲ್ಲ ಈಚೆ. ಸೇತುವೆ ಕಟ್ಟಿದರೆ ಈಚೆಯವರು ಹೊತ್ತುಗೊತ್ತಿಲ್ಲದೆ ಬಂದಾರೆಂದು ಬರಿಯ ಲಾಂಚ್ ಬಿಟ್ಟರು. ದಡದ ದೀಪ ಹಚ್ಚಿದ ಮೇಲೆ ಅದೂ ಹೊರಡಬಾರದೆಂದು ಕಟ್ಟಳೆ ಮಾಡಿದರು. ಅವರು ಹೋದರು. ಆಸ್ಪತ್ರೆ ಗುಡ್ಡದ ಮೇಲೆಯೇ ಉಳಿಯಿತು, ಸೇತುವೆ ಬರಲಿಲ್ಲ, ಕಟ್ಟಳೆಯೂ ಹೋಗಲಿಲ್ಲ. ಉಪ್ಪು ತಿಂದವರು ಯಾರೋ, ನೀರು ಕುಡಿಯುವವರು ಇನ್ಯಾರೋ.

ಎಂಜಿನ್ನೂ ಅವರು ಬಿಟ್ಟುಹೋದದ್ದೇ. ಅದರ ಬೋಲ್ಟುಗಳೆಲ್ಲ ಇಂಚಿನ ಲೆಕ್ಕದವು. ಪೇಟೆಯಲ್ಲಿ ಈಗ ಸಿಗುವುದೆಲ್ಲ ಮಿಲಿಮೀಟರಿನವು. ಎಡಗಡೆಯ ಹಳೆಯ ಬೋಲ್ಟುಗಳು ತುಕ್ಕು ಹಿಡಿದು ಮುರಿದಾಗ ತಮ್ಮ ಅಲ್ಲಿ ಹೊಸ ತೂತು ಕೊರೆದು ಮಿಲಿಮೀಟರಿನವನ್ನು ಕೂರಿಸಿದ್ದ. "ಬಲಗಡೆ ಮುಟ್ಟಿದರೆ ಕೈ ಮುರೀತೀನಿ," ಎಂದಿದ್ದ ಅಣ್ಣ. ಅಂದಿನಿಂದ ಊರು ಒಬ್ಬನನ್ನು ಇಂಚಣ್ಣ ಎಂದಿತು, ಇನ್ನೊಬ್ಬನನ್ನು ಮಿಲಿ ಎಂದಿತು. ಸ್ಪ್ಯಾನರಿನ ಪೆಟ್ಟಿಗೆಗಳೂ ಎರಡು. "ನಿನ್ನ ಪೆಟ್ಟಿಗೆ ನಾನು ಮುಟ್ಟಿದರೆ ಕೇಳು," ಎಂದು ಇಂಚಣ್ಣ ಎಲ್ಲರೆದುರು ಶಪಥ ಮಾಡಿದ್ದ. ಅಣ್ಣತಮ್ಮ ಎಂಜಿನ್ನಿನ ಆಚೀಚೆ ಕುಳಿತು, ಅತ್ತ ಒಂದು ಇತ್ತ ಒಂದು ನಟ್ಟು ಬಿಗಿಯುತ್ತಿದ್ದರು. ಒಂದು ಕಡೆ ಮುಂದೆ ಹೋದರೆ ತಲೆ ಸೊಟ್ಟಗಾಗಿ ಹೊಗೆ ಸೋರುತ್ತದೆ. ಹಾಗಾಗಿ "ನಂದಾಯ್ತು" ಎಂದು ಒಬ್ಬ ಕೂಗಿ, "ನಂದೂ ಆಯ್ತು" ಎಂದು ಇನ್ನೊಬ್ಬ ಓಗೊಟ್ಟ ಮೇಲೆಯೇ ಮುಂದಿನದು.

ಲಾಂಚ್ ಓಡಿಸುವವನು ಮೇಲಿಂದ ಬಗ್ಗಿ ನೋಡಿದ. "ಇಂಚಣ್ಣಾ, ಸೂರ್ಯ ನಿಮ್ಮನೆ ಆಳಲ್ಲ, ಕಾಯ್ತಾ ಕೂರಲ್ಲ!"

"ನಿನ್ನ ಬಾಯಿಗೊಂದು ನಟ್ಟು ಹಾಕ್ತೀನಿ, ಇರು. ಹಿಡಿ, ತಲೆ ಎತ್ತು!"

ಇಬ್ಬರೂ ತಲೆ ಎತ್ತಿ ಕೂರಿಸಿದರು. ಇಂಚಣ್ಣನ ಕೈ ಗಾಳಿಯಂತೆ ಓಡಿತು. ಬಲಗಡೆಯ ನಟ್ಟುಗಳೆಲ್ಲ ಬರಿಗೈಯಲ್ಲಿ ಬಿಗಿಯುವಷ್ಟು ಬಿಗಿದವು. ಅದೇ ಓಟದಲ್ಲಿ ಎಡಗಡೆಗೂ ಒಂದು ನಟ್ಟು ಏರಿಸಿದ. ಒಂದು ಸುತ್ತು ಹೋಯಿತು, ನಿಂತಿತು. ಹಲ್ಲು ಕಚ್ಚಿ ಸ್ಪ್ಯಾನರ್ ಹಾಕಿದ.

"ದೊಡ್ಡಪ್ಪಾ, ಬಿಡಿ! ಅದು ಅಪ್ಪನ ಕಡೆ!"

ಕೈ ಅಲ್ಲೇ ನಿಂತಿತು. ಇಂಚಿನ ನಟ್ಟನ್ನು ಮಿಲಿಮೀಟರಿನ ಬೋಲ್ಟಿಗೆ ಏರಿಸಿದ್ದ! ಇನ್ನೊಂದು ಎಳೆತ ಎಳೆದಿದ್ದರೆ ಬೋಲ್ಟಿನ ಥ್ರೆಡ್ಡು ಹರಿದು, ಲಾಂಚ್ ಹೊರಡದೆ, ತಮ್ಮ ಆಚೆ ದಡದಲ್ಲೇ ಮಣ್ಣಾಗುತ್ತಿದ್ದ. ಉಸಿರು ಹಿಡಿದು ನಟ್ಟನ್ನು ಹಿಂದಕ್ಕೆ ತಿರುಗಿಸಿದ. ಬಂತು.

ತಮ್ಮನ ಪೆಟ್ಟಿಗೆಯ ಮುಂದೆ ಅವನ ಕೈ ತಡೆಯಿತು. ಆಮೇಲೆ "ಕೇಳೋನೇ ಇಲ್ಲವಲ್ಲೋ, ಮಿಲಿ," ಎಂದು ಮುಚ್ಚಳ ಎತ್ತಿದ. ಮಿಲಿಮೀಟರಿನ ಸ್ಪ್ಯಾನರು, ನಟ್ಟುಗಳು ಎಣ್ಣೆ ಬಟ್ಟೆಯಲ್ಲಿ ಮಲಗಿದ್ದವು. ನಟ್ಟುಗಳನ್ನು ಎಡಗಡೆ ಏರಿಸಿ, ಒಂದು ಸ್ಪ್ಯಾನರನ್ನೆತ್ತಿ ತಮ್ಮನ ಮಗಳಿಗೆ ಕೊಟ್ಟ.

"ಅಪ್ಪನ ಕಡೆ ಕೂತ್ಕೋ."

"ನಾನು ಬಟ್ಟೆ ಹೊಲಿಯೋಳು, ದೊಡ್ಡಪ್ಪ!"

"ಹೊಲಿಗೆ ಬಿಗಿಯಾಗಿದ್ದರೆ ಸಾಕು. ನಾನು ಕೂಗಿದಾಗ ಎಳಿ." ಅವನು ಬಲಗಡೆ ಕುಳಿತು ಬಿಗಿದ. "ನಂದಾಯ್ತು!"

ಅವಳು ಎರಡು ಕೈಯಲ್ಲಿ ಎಳೆದಳು. ಕಣ್ಣೀರು ಎಂಜಿನ್ನಿನ ಮೇಲೆ ಬಿತ್ತು. "ನಂದೂ ಆಯ್ತು!"

ಕಟ್ಟೆಯ ಮೇಲೆ ಜನ ಸೇರಿದ್ದರು. ಮೂರನೆಯ ಸಲಕ್ಕೆ ಅವರೂ ದನಿಗೂಡಿಸಿದರು. ಒಳಗಿಂದ "ನಂದಾಯ್ತು" ಎಂದರೆ ಮೇಲಿಂದ ಊರಿಗೆ ಊರೇ "ನಂದೂ ಆಯ್ತು" ಎನ್ನುತ್ತಿತ್ತು. ಕೊನೆಯ ನಟ್ಟು ಕಚ್ಚಿಕೊಂಡಿತು. ಇಂಚಣ್ಣ ಚಾಲೂ ಮಾಡುವ ಹಿಡಿ ಸುತ್ತಿದ. ಎಂಜಿನ್ ಮುದುಕನಂತೆ ಕೆಮ್ಮಿ ಸುಮ್ಮನಾಯಿತು. ದೇವರ ಹೆಸರು ಹೇಳಿ ಮತ್ತೆ ಸುತ್ತಿದ. ಧಡ್, ಧಡ್, ಧಡಧಡಧಡ!

"ಹಗ್ಗ ಬಿಚ್ರೋ!" ಎಂದು ಲಾಂಚಿನವನು ಕಿರುಚಿದ.

ನೀರು ಸೀಳಿಕೊಂಡು ಹೋದರು. ಆಚೆ ದಡದಲ್ಲಿ ತಮ್ಮನ ಹೆಂಡತಿ ಬಿಳಿ ಬಟ್ಟೆ ಹೊದಿಸಿದ ಚಟ್ಟದ ಪಕ್ಕ ಕಾದಿದ್ದಳು. ನಾಲ್ವರು ಹೊತ್ತು ತರುವಷ್ಟರಲ್ಲಿ ಬಿಸಿಲು ಪೂರ್ತಿ ಇಳಿದಿತ್ತು. ದೀಪದ ಕಂಬದ ಕೆಳಗೆ ಕಾವಲುಗಾರ ಕೈಯಲ್ಲಿ ಬೆಂಕಿಪೆಟ್ಟಿಗೆ ಹಿಡಿದು ನಿಂತಿದ್ದ. ದೀಪ ಹಚ್ಚಿದನೆಂದರೆ ಮುಗಿಯಿತು.

"ಸ್ವಾಮಿ, ಹೊತ್ತಾಯಿತು..."

"ಏನು ಹೊತ್ತು?" ಎಂದ ಕಾವಲುಗಾರ, ಕತ್ತಲನ್ನೇ ನೋಡುತ್ತ. "ದೀಪ ಹಚ್ಚಿದ ಮೇಲೆ ತಾನೇ ಬಿಡಬಾರದು? ಹಾಳು ಕಡ್ಡಿ ಹತ್ತುತ್ತಾನೇ ಇಲ್ಲ, ತೇವ ಆಗಿದೆ. ಬೇಗ ಹೊರಡಿ ಮಾರಾಯ್ರೆ!"

ಲಾಂಚ್ ನಡುನೀರಿಗೆ ಬಂದಾಗ ಹಿಂದೆ ದೀಪ ಹೊತ್ತಿತು. ಒಂದೇ ಕಡ್ಡಿಗೆ.

ಮನೆಯಲ್ಲಿ ಅಮ್ಮನ ಹಾಸಿಗೆಯ ಪಕ್ಕ ತಮ್ಮನನ್ನು ಇಳಿಸಿದರು. ಅವಳ ಬೆರಳು ಹಣೆ, ಮೂಗು, ಗದ್ದ ಸವರಿದವು. "ನನ್ನ ಚಿಕ್ಕೋನೇ," ಎಂದಳು. "ಬಂದ್ಯಾ ಕಂದಾ." ಆಮೇಲೆ ದೊಡ್ಡವನ ಕೈ ಹುಡುಕಿ ಹಿಡಿದುಕೊಂಡಳು. ಅದರ ಎಣ್ಣೆ ಅವಳ ಬೆರಳಿಗೂ ಹತ್ತಿತು. ಆಗ ಮಾತ್ರ ಇಂಚಣ್ಣ ಬಿಕ್ಕಿದ. ತಮ್ಮನ ಪಾದದ ಬಳಿ ಮೊಣಕಾಲೂರಿ, ಕೈ ಮುಗಿದ.

"ದೇವರೇ, ಇವನು ಬದುಕಿದ್ದಷ್ಟು ದಿನ ಈ ದಡದವರನ್ನು ಆ ದಡಕ್ಕೆ ಮುಟ್ಟಿಸಿದ. ಇವತ್ತು ಇವನನ್ನು ನೀನು ದಾಟಿಸು. ನಿನ್ನ ದಡದಲ್ಲಿ ಹೊತ್ತಿನ ಕಟ್ಟಳೆ ಇರದಿರಲಿ, ಮೇಲಿನವರು ಕೆಳಗಿನವರು ಎಂಬುದು ಇರದಿರಲಿ. ನನ್ನ ತಮ್ಮನಿಗೆ ಶಾಂತಿ ಕೊಡು, ತಂದೆ. ನಾನೂ ದಾಟಿ ಬರುವವರೆಗೆ ನನ್ನ ಎದುರುಗಡೆಯ ಜಾಗ ಅವನಿಗಾಗಿ ಕಾದಿಡು."